ಅಕ್ಕನ ಎಣಿಕೆ

ಜನವರಿ 9

ಪೂಜ್ಯ ಭಿಕ್ಷುಗಳ ಸನ್ನಿಧಿಗೆ,

ನಮಸ್ಕಾರ. ಅಕ್ಷರ ನೋಡಿಯೇ ಯಾರೆಂದು ತಿಳಿದಿರಬೇಕು. ತಿಳಿಯದಿದ್ದರೆ ಹೇಳುತ್ತೇನೆ: ನಿಮಗಿಂತ ಆರು ವರ್ಷ ಮೊದಲು ಅದೇ ತಾಯಿಗೆ ಹುಟ್ಟಿದವಳು ನಾನು. ನಿಮಗೆ ನಡೆಯಲು, ಮಗ್ಗಿ ಹೇಳಲು, ಆಮೇಲೆ ಲೇಸರ್ ಕಿರಣವನ್ನು ಕೂದಲೆಳೆಯಷ್ಟು ಸರಿಸಲು ಕಲಿಸಿದವಳು. ಹದಿನಾಲ್ಕು ವರ್ಷದ ಹಿಂದೆ ನೀವು ಕಾವಿ ಉಟ್ಟು ಹೊರಟಾಗ ಕೆಲಸವನ್ನೂ ಹೆಸರನ್ನೂ ಕಳೆದುಕೊಂಡು ಬೀದಿಯಲ್ಲಿ ನಿಂತವಳು. ಆಗ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ. ಇದು ನಾಲ್ಕನೆಯದು.

ನಿಮ್ಮ ಪುಸ್ತಕ ನೋಡಿದೆ. ನಮ್ಮ ಕಾರ್ಖಾನೆಯ ಟೈಪಿಸ್ಟ್ ಊಟದ ಹೊತ್ತಿನಲ್ಲಿ ಓದುತ್ತಿದ್ದಳು. 'ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ, ಮನಸ್ಸು ಬೇರೆ ಜಡ ಬೇರೆ ಅಂತ ಈಗ ಅರ್ಥ ಆಯ್ತು' ಅಂದಳು. ಹಿಂಬದಿಯಲ್ಲಿ ನಿಮ್ಮ ಫೋಟೊ ಇತ್ತು. ಬೋಳು ತಲೆ ಚೆನ್ನಾಗಿ ಒಪ್ಪುತ್ತದೆ.

ಏಳನೆಯ ಅಧ್ಯಾಯದಲ್ಲಿ ನಮ್ಮ ಪ್ರಯೋಗವನ್ನು ವರ್ಣಿಸಿದ್ದೀರಿ. ಕತ್ತಲ ಕೋಣೆ. ಬೆಳಕಿನ ಕಣಗಳು ಒಂದೊಂದಾಗಿ ಎರಡು ಸೀಳುಗಳನ್ನು ಹಾಯುತ್ತವೆ, ಆಚೆ ಬದಿಯಲ್ಲಿ ಬೆಳಕು ಕತ್ತಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಕತ್ತಲ ಪಟ್ಟೆಯ ಮೇಲೆ ಎಣಿಕೆಯಂತ್ರ. ಕಣ ಯಾವ ಸೀಳಿನಲ್ಲಿ ಹೋಯಿತೆಂದು ಪತ್ತೆ ಮಾಡಿದರೆ ಪಟ್ಟೆಗಳು ಅಳಿಸಿ ಕತ್ತಲ ಜಾಗಕ್ಕೂ ಬೆಳಕು ಬೀಳುತ್ತದೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದ ನೀವು ಅಲ್ಲಿ ಧ್ಯಾನಕ್ಕೆ ಕೂತು ಮನಸ್ಸಿನಿಂದಲೇ ಸೀಳುಗಳನ್ನು ನೋಡಿದಿರಿ, ಎಣಿಕೆ ಏರಿತು. 'ನನ್ನ ಚಿತ್ತ ಬೆಳಕಿನ ಕಣವನ್ನು ಮುಟ್ಟಿತು' ಎಂದು ಬರೆದಿದ್ದೀರಿ. ನೂರಹನ್ನೆರಡನೆಯ ಪುಟದಲ್ಲಿ ರೇಖಾಚಿತ್ರವನ್ನೂ ಕೊಟ್ಟಿದ್ದೀರಿ. ಎಣಿಕೆ ಮೊದಲು ಜಿಗಿದು, ಬೇಗ ಇಳಿದು, ಆಮೇಲೆ ನಿಧಾನವಾಗಿ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ. ಕೆಳಗೆ ವಿವರಣೆ: ಏಕಾಗ್ರತೆ ದಣಿಯುವ ಬಗೆ.

ನಾನೀಗ ಎಲ್ಲಿ ಕೆಲಸ ಮಾಡುತ್ತೇನೆ ಗೊತ್ತೆ? ಕರೆಂಟು ಹೋದಾಗ ಮೆಟ್ಟಿಲ ಹತ್ತಿರ ಹಸಿರಾಗಿ ಹೊಳೆಯುವ 'ಹೊರದಾರಿ' ಫಲಕಗಳ ಕಾರ್ಖಾನೆಯಲ್ಲಿ. ಫಲಕಕ್ಕೆ ಬೆಳಕು ಕುಡಿಸಿ, ಕತ್ತಲಲ್ಲಿಟ್ಟು, ನಿಮಿಷ ನಿಮಿಷಕ್ಕೂ ಹೊಳಪು ಅಳೆಯುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ದಿನಕ್ಕೆ ಎಂಟು ಗಂಟೆ ಅದೇ ರೇಖೆ ನೋಡುತ್ತಿದ್ದೇನೆ. ನಿಮ್ಮ ಏಕಾಗ್ರತೆ ದಣಿಯುವ ರೇಖೆ ಅದೇ. ಅದು ಮನಸ್ಸಲ್ಲ ಸ್ವಾಮಿ, ಬಣ್ಣ. ಅಮ್ಮ ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಕಟ್ಟಿದ ಗಡಿಯಾರದ ಮುಳ್ಳಿಗೂ ಅಂಕಿಗಳಿಗೂ ಬಳಿದಿದ್ದ, ಕತ್ತಲಲ್ಲಿ ಹೊಳೆಯುವ ಬಣ್ಣ.

ಆ ಕೋಣೆಯ ತಾಂತ್ರಿಕ ಸಹಾಯಕಿಯಾಗಿ, ಹೊಳೆಯುವ ವಸ್ತು ಒಳಗೆ ಹೋಗಬಾರದೆಂದು ಬಾಗಿಲಲ್ಲಿ ತಟ್ಟೆ ಹಿಡಿದು ಎಲ್ಲರ ಗಡಿಯಾರ ಬಿಚ್ಚಿಸುತ್ತಿದ್ದವಳು ನಾನು. ನೀವು ಅಂಗಿಯ ತೋಳಿನಲ್ಲಿ ಅಡಗಿಸಿ ಒಳಗೆ ಒಯ್ದಿರಿ. ಬೇರೆ ಕಡೆ ಪ್ರಯೋಗ ಮಾಡಿ ನೋಡಿದಾಗ ಏನೂ ಬರಲಿಲ್ಲ. ವಿಚಾರಣೆ ನಡೆಯಿತು. ಕೂತವನು ತಮ್ಮ, ಬೀಗದ ಕೈ ಅಕ್ಕನ ಹತ್ತಿರ. ಅಕ್ಕ ಬೇಕೆಂದೇ ಬೆಳಕು ಬಿಟ್ಟಳು ಎಂದು ಪ್ರಯೋಗ ನಡೆಸಿದ ಪ್ರೊಫೆಸರ್ ನನ್ನ ತಲೆ ಮೇಲೆ ಗೂಬೆ ಕೂರಿಸಿದರು. ಅವರೀಗ ಇಲ್ಲ. ಆದರೆ ಆ ಸಂಶೋಧನಾ ಸಂಸ್ಥೆಯಲ್ಲಿ ಇವತ್ತಿಗೂ ಯಾರಾದರೂ ಸುಳ್ಳು ಫಲಿತಾಂಶ ತಂದರೆ 'ಅಕ್ಕನ ಎಣಿಕೆ' ಅನ್ನುತ್ತಾರಂತೆ. ಹೊಸದಾಗಿ ಸೇರಿದವರಿಗೆ ಹೇಳುವ ಮೊದಲ ತಮಾಷೆ ಅದೇ.

ಸಂಸ್ಥೆಗೆ ಐವತ್ತು ತುಂಬುತ್ತದೆ, ನೆನಪಿನ ಸಂಪುಟ ಬರುತ್ತಿದೆ. ಅದರಲ್ಲಿ ಆ ಹೆಸರಿನದೇ ಒಂದು ಪುಟವಿದೆ. ಏಪ್ರಿಲ್ ಹದಿನೈದಕ್ಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನೀವು ಹೊಸ ನಿರ್ದೇಶಕಿಗೆ ಒಂದು ಪತ್ರ ಬರೆಯಬೇಕು. ಗಡಿಯಾರ ನನ್ನದು, ಅಕ್ಕನದು ತಪ್ಪಿಲ್ಲ, ಇಷ್ಟು ಸಾಕು. ಬರೆಯದಿದ್ದರೆ ಏನು ಮಾಡುತ್ತೇನೆಂದು ಇನ್ನೂ ಯೋಚಿಸಿಲ್ಲ. ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿದೆ.

ಇಂತು,
ನಿಮ್ಮ ಪೂರ್ವಾಶ್ರಮದ ಅಕ್ಕ


ಫೆಬ್ರವರಿ 2

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದಾಗ ನಾನು ಅಂಗಳ ಗುಡಿಸುತ್ತಿದ್ದೆ. ಲಕೋಟೆಯ ಮೇಲಿನ ಅಕ್ಷರ ನೋಡಿ ಪೊರಕೆ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂರು ಸಲ ಓದಿದೆ. ಇಷ್ಟು ವರ್ಷದ ಮೇಲೆ ನೀನಾಗಿ ಬರೆದೆಯಲ್ಲ, ಮನಸ್ಸು ತುಂಬಿ ಬಂತು. ನಿನ್ನ ಕೋಪದಲ್ಲೂ ನನಗೆ ಅಕ್ಕರೆಯೇ ಕಂಡಿತು.

ಗಡಿಯಾರದ ವಿಷಯ ನೀನು ಹೇಳಿದ್ದು ಒಂದು ಸಾಧ್ಯತೆ, ಅಲ್ಲವೆನ್ನುವುದಿಲ್ಲ. ಆದರೆ ಆ ಪುಸ್ತಕದ ತಿರುಳು ಒಂದು ಪ್ರಯೋಗದ ಮೇಲೆ ನಿಂತಿಲ್ಲ. ನಮ್ಮ ಮಾರ್ಗದಲ್ಲಿ ಮನುಷ್ಯನನ್ನು ನಾಮ, ರೂಪ ಎಂದು ಬಿಡಿಸಿ ನೋಡುತ್ತಾರೆ. ರೂಪವೆಂದರೆ ಜಡ. ಬಿಸಿಲಿಗೆ ಒಣಗುತ್ತದೆ, ಪೆಟ್ಟಿಗೆ ಒಡೆಯುತ್ತದೆ, ಆದರೆ ತನಗೆ ಏನಾಯಿತೆಂದು ಅದಕ್ಕೆ ಗೊತ್ತಾಗುವುದಿಲ್ಲ. ನಾಮವೆಂದರೆ ಮನಸ್ಸು. ಅದರ ಗುಣ ವಾಲುವುದು. ಒಂದು ವಿಷಯದ ಕಡೆ ವಾಲುತ್ತದೆ, ಅರಿಯುತ್ತದೆ, ಮರುಕ್ಷಣ ಅಳಿದು ಇನ್ನೊಂದಾಗಿ ಹುಟ್ಟುತ್ತದೆ. ಅದೊಂದು ಗಟ್ಟಿ ವಸ್ತುವಲ್ಲ, ಹರಿವು. ಇತ್ತ ನಿಮ್ಮ ಕ್ವಾಂಟಂ ಶಾಸ್ತ್ರ, ಅಳೆಯುವ ತನಕ ಕಣಕ್ಕೆ ಇಂಥದೇ ಜಾಗ ಎಂಬುದಿಲ್ಲ ಅನ್ನುತ್ತದೆ. ಎರಡೂ ಎಲ್ಲೋ ಒಂದು ಕಡೆ ಕೈಕುಲುಕುತ್ತವೆ ಎಂಬ ನಂಬಿಕೆ ನನ್ನದು. ಗಡಿಯಾರ ಇರಲಿ ಇಲ್ಲದಿರಲಿ, ನೋಡುವವನಿಲ್ಲದೆ ನೋಟವಿಲ್ಲ ಅಲ್ಲವೆ?

ಆ ದಿನಗಳು ಎಂದೋ ಹರಿದುಹೋದ ನೀರು. ಆಗಿದ್ದ ನೀನೂ ಈಗಿಲ್ಲ, ನಾನೂ ಇಲ್ಲ. ಸಂಪುಟದ ಒಂದು ಪುಟದಿಂದ ನಿನಗೆ ಏನು ಕಡಿಮೆಯಾದೀತು? ಮಂಡಿ ನೋವು ಹೇಗಿದೆ? ನನ್ನ ಪುಸ್ತಕದ ಒಂದು ಪ್ರತಿಗೆ ಸಹಿ ಹಾಕಿ ಕಳಿಸಿದ್ದೇನೆ.

ಮಂಗಳವಾಗಲಿ.
ನಿನ್ನ ತಮ್ಮ


ಫೆಬ್ರವರಿ 8

ಏನೋ ಮಹಾನುಭಾವ,

ಅಕ್ಕರೆ ಕಂಡಿತಂತೆ! ನಿನ್ನ ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ಹೋದ ಸಲ ನಾನು ಬಹುವಚನ ಹಾಕಿದ್ದೇ ತಪ್ಪು. ಚಿಕ್ಕಂದಿನಲ್ಲಿ ಬೆಳಗಿನಿಂದ ಸಂಜೆಯ ತನಕ ವಟವಟ ಅನ್ನುತ್ತಿದ್ದೆಯೆಂದು ನಿನ್ನನ್ನು ಕಪ್ಪೆರಾಯ ಎಂದು ಕರೆಯುತ್ತಿದ್ದೆವು. ಬೇಕಾದ್ದೊಂದು ಬಿಟ್ಟು ಉಳಿದದ್ದೆಲ್ಲ ಮಾತಾಡುವ ಚಾಳಿ ಇನ್ನೂ ಹೋಗಿಲ್ಲ.

ನೋಡುವವನಿಲ್ಲದೆ ನೋಟವಿಲ್ಲ ಎಂದು ಟೈಪಿಸ್ಟ್ ಹುಡುಗಿಯ ಕಿವಿಯ ಮೇಲೆ ಹೂವಿಡು, ನನ್ನ ಕಿವಿಯ ಮೇಲೆ ಬೇಡ. ಕ್ವಾಂಟಂ ಶಾಸ್ತ್ರದಲ್ಲಿ 'ನೋಡುವುದು' ಅಂದರೆ ಏನು? ಕಣ ಯಾವುದಕ್ಕೋ ತಾಗುತ್ತದೆ, ಅಲ್ಲೊಂದು ಗುರುತು ಉಳಿಯುತ್ತದೆ. ಅಷ್ಟೇ. ಗುರುತು ಹಿಡಿಯುವುದು ಲೋಹದ ತಗಡಾದರೂ ಆದೀತು. ನಾವೆಲ್ಲ ಬಾಗಿಲು ಹಾಕಿ ಊಟಕ್ಕೆ ಹೋದಾಗಲೂ ನನ್ನ ಎಣಿಕೆಯಂತ್ರ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಆಗ ಅಲ್ಲಿ ಯಾವ ಚಿತ್ತ ಕೂತಿತ್ತು? ಯಂತ್ರಕ್ಕೆ ನೀನು ಸನ್ಯಾಸಿಯೋ ಸಂಸಾರಿಯೋ ಗೊತ್ತಿಲ್ಲ. ಬೆಳಕು ಬಿತ್ತು, ಎಣಿಸಿತು.

ಹೋದ ಭಾನುವಾರ ಅದೇ ಬಗೆಯ ಹಳೆಯ ಗಡಿಯಾರ ಹುಡುಕಿ ತಂದೆ. ಕಾರಿಡಾರಿನ ದೀಪದ ಕೆಳಗೆ ಹತ್ತು ನಿಮಿಷ ಹಿಡಿದು ಅಳತೆಯ ಕೋಣೆಗೆ ಒಯ್ದೆ. ನಿಮಿಷಕ್ಕೊಮ್ಮೆ ಬರೆದುಕೊಂಡೆ. ನಿನ್ನ ನೂರಹನ್ನೆರಡನೆಯ ಪುಟದ ಮೇಲೆ ನನ್ನ ಹಾಳೆ ಇಟ್ಟು ಕಿಟಕಿಗೆ ಹಿಡಿದರೆ ಎರಡು ರೇಖೆ ಒಂದಾಗಿ ಕೂರುತ್ತವೆ. ಧ್ಯಾನದಲ್ಲಿ ನೀನು ಅಂಗೈ ಮೇಲೆ ಅಂಗೈ ಇಟ್ಟು ಕೂರುತ್ತಿದ್ದೆ, ತೋಳು ಮೇಲೆ ಸರಿಯುತ್ತಿತ್ತು. ವಿರಾಮದಲ್ಲಿ ಕೈ ಜೇಬಿಗೆ, ಎಣಿಕೆ ಕೆಳಗೆ. ಮನಸ್ಸಿಗೂ ಇದಕ್ಕೂ ದೇವರಾಣೆಗೂ ಸಂಬಂಧವಿಲ್ಲ. ಕಣವನ್ನು ಮನಸ್ಸಿನಿಂದ ಮುಟ್ಟಬೇಕೆಂದು ಪ್ರೊಫೆಸರ್ ಹಟ ಹಿಡಿದು ಎಣಿಕೆಯಂತ್ರದ ಪೆಟ್ಟಿಗೆಯ ಮುಚ್ಚಳ ತೆಗೆಸಿದ್ದರಲ್ಲ, ಅಲ್ಲಿಂದ ಬೆಳಕು ನೆಟ್ಟಗೆ ಒಳಗೆ ಹೋಯಿತು.

ಒಂದು ಪುಟದಿಂದ ಏನು ಕಡಿಮೆಯಾದೀತು ಎಂದು ಕೇಳಿದ್ದೀಯ. ಹದಿನೇಳು ಪ್ರಯೋಗಶಾಲೆಗಳಿಗೆ ಅರ್ಜಿ ಹಾಕಿದೆ ಕಣೋ. ಒಂದು ಕಡೆ ಸಂದರ್ಶನದಲ್ಲಿ ಹೆಸರು ಕೇಳಿದ ಕೂಡಲೆ ಇಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. 'ಆ ಅಕ್ಕ ನೀವೇನಾ?' ಅಂದ. ಎದ್ದು ಬಂದೆ. ನಾನು ಆಗಿನವಳಲ್ಲವಂತೆ. ನಗೆಗೀಡಾದವಳು ಮಾತ್ರ ನಾನೇ.

ನಿನ್ನ ಸಹಿ ಹಾಕಿದ ಪ್ರತಿಯನ್ನು ಫಲಕ ಒಣಗಿಸುವ ಮೇಜಿನ ಕುಂಟುಕಾಲಿನ ಕೆಳಗಿಟ್ಟಿದ್ದೇನೆ. ಮೇಜು ಈಗ ಅಲುಗಾಡುವುದಿಲ್ಲ. ಮಂಡಿಯ ಸುದ್ದಿ ನಿನಗೆ ಬೇಡ. ಪತ್ರ ಬರೆ.

ಅಕ್ಕ


ಫೆಬ್ರವರಿ 26

ಪ್ರೀತಿಯ ಅಕ್ಕ,

ನಾಳೆಯಿಂದ ಮೂರು ವಾರ ನಮ್ಮಲ್ಲಿ ಮೌನ. ಓದುವುದು ಬರೆಯುವುದು ಇಲ್ಲ. ಅದಕ್ಕೆ ಅವಸರದಲ್ಲಿ ನಾಲ್ಕು ಸಾಲು.

ಆ ಪುಸ್ತಕ ಓದಿ ಜನ ಬರೆಯುತ್ತಾರೆ. ಮಗಳನ್ನು ಕಳೆದುಕೊಂಡ ಒಬ್ಬ ನರ್ಸ್ ಏಳನೆಯ ಅಧ್ಯಾಯವನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರಂತೆ. ಮನಸ್ಸು ಬರೀ ಮಾಂಸದ ಆಟವಲ್ಲ ಎಂಬ ಒಂದೇ ಧೈರ್ಯದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಈಗ ನಾನು ಅದು ಗಡಿಯಾರದ ಬಣ್ಣ ಎಂದರೆ ಅವರ ಕೈಯಿಂದ ಏನನ್ನು ಕಿತ್ತುಕೊಂಡ ಹಾಗಾಗುತ್ತದೆ, ಯೋಚಿಸು.

ನಿನ್ನೊಳಗಿನ ಉರಿ ನಿನ್ನನ್ನೇ ಸುಡುತ್ತಿದೆ. ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂತು ಉಸಿರನ್ನು ಗಮನಿಸು. ಮೊದಮೊದಲು ಕಷ್ಟ, ಆಮೇಲೆ ಹಗುರಾಗುತ್ತದೆ.

ತಮ್ಮ


ಮಾರ್ಚ್ 3

ಕಪ್ಪೆರಾಯ,

ನೀನು ಮೌನದಲ್ಲಿರುವೆ, ಇದನ್ನು ಓದುವುದಿಲ್ಲ ಎಂದು ಗೊತ್ತು. ಇಪ್ಪತ್ತನೇ ತಾರೀಕು ಬಾಗಿಲ ಹತ್ತಿರ ಇದು ಕಾದಿರಲಿ.

ಹತ್ತು ನಿಮಿಷ ಕೂತು ನೋಡಿದೆ. ಉಸಿರು ಬಂತು, ಹೋಯಿತು. ಜೊತೆಗೆ ಒಂದು ಉಪಾಯವೂ ಬಂತು. ಅದಕ್ಕಾಗಿ ನಿನಗೆ ಧನ್ಯವಾದ.

ಗ್ರಂಥಾಲಯಕ್ಕೆ ಹೋಗಿ ಭಿಕ್ಷುಗಳ ನಿಯಮಗಳ ಪುಸ್ತಕ ತಂದೆ. ನಾಲ್ಕು ತಪ್ಪುಗಳಿಗೆ ಕ್ಷಮೆಯೇ ಇಲ್ಲವಂತೆ. ಮಾಡಿದವನು ತಲೆ ಕತ್ತರಿಸಿದ ದೇಹದಂತೆ, ಮತ್ತೆ ಆ ಜನ್ಮದಲ್ಲಿ ಭಿಕ್ಷುವಾಗಲಾರ. ಮೊದಲ ಮೂರು ನಿನಗೆ ಸಂಬಂಧವಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನು ನೀನು. ನಾಲ್ಕನೆಯದು, ಧ್ಯಾನದಿಂದ ತನಗೆ ಅಲೌಕಿಕ ಸಿದ್ಧಿ ಬಂದಿದೆ ಎಂದು ತಿಳಿದೂ ಸುಳ್ಳು ಹೇಳುವುದು. ಓದುತ್ತಾ ಓದುತ್ತಾ ನನಗೆ ಬಾಯಲ್ಲಿ ನೀರೂರಿತು ಅಂದರೆ ನಂಬು.

ಒಂದೇ ಒಂದು ವಿನಾಯಿತಿ ಇದೆ. ಪಾಪ, ನಿಜವಾಗಿಯೂ ಸಿದ್ಧಿ ಬಂತೆಂದು ತಪ್ಪು ತಿಳಿದು ಹೇಳಿದ್ದರೆ ದೋಷವಿಲ್ಲ. ಅಂದರೆ ಎಲ್ಲ ನಿಂತಿರುವುದು ನಿನಗೆ ಗೊತ್ತಿತ್ತೋ ಇಲ್ಲವೋ ಎಂಬುದರ ಮೇಲೆ. ನೋಡು ಎಂಥ ಚಂದ. ನನ್ನ ಶಾಸ್ತ್ರದಲ್ಲಿ ಗಡಿಯಾರದ ವಿಷಯ ನಿನಗೆ ಗೊತ್ತಿದ್ದರೂ ಎಣಿಕೆ ಅಷ್ಟೇ, ಗೊತ್ತಿಲ್ಲದಿದ್ದರೂ ಅಷ್ಟೇ. ನಿನ್ನ ಶಾಸ್ತ್ರದಲ್ಲಿ ಗೊತ್ತಿರುವುದೇ ತಪ್ಪು. ಉದ್ದೇಶವೇ ಕರ್ಮ ಎಂದು ನೀನೇ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೀಯ. ಮನಸ್ಸಿಗೂ ಜಡಕ್ಕೂ ಏನು ವ್ಯತ್ಯಾಸವೆಂದು ಮುನ್ನೂರು ಪುಟ ಕೊರೆದೆಯಲ್ಲ, ಇಷ್ಟೇ ಕಣೋ ವ್ಯತ್ಯಾಸ. ಜಡ ತಪ್ಪು ಮಾಡಲಾರದು. ಮನಸ್ಸು ವಾಲುತ್ತದೆ ಅಂದೆ. ನಿನ್ನದು ಯಾವ ಕಡೆ ವಾಲಿತು?

ನಿರ್ದೇಶಕಿ ಹಳೆಯ ದಾಖಲೆ ಪುಸ್ತಕದ ಒಂದು ಪುಟದ ನಕಲು ಕಳಿಸಿದ್ದಾರೆ. ಪ್ರಯೋಗದ ನಾಲ್ಕನೆಯ ಗುರುವಾರ, ನಿನ್ನದೇ ಅಕ್ಷರ. 'ಎಣಿಕೆ ಏರಲಿಲ್ಲ.' ಅದರ ಮುಂದೆ ಎರಡು ಪದ ಬರೆದು ಶಾಯಿಯಿಂದ ಹೊಡೆದುಹಾಕಿದ್ದೀಯ. ಹಾಳೆಯ ಹಿಂಬದಿಯಿಂದ ಬೆಳಕು ಹಾಯಿಸಿದರೆ ಓದಬಹುದಂತೆ. 'ಗಡಿಯಾರ ಇಲ್ಲ.' ಆ ದಿನ ಗಡಿಯಾರ ಕಟ್ಟಿರಲಿಲ್ಲ, ಎಣಿಕೆ ಬರಲಿಲ್ಲ, ನಿನಗೆ ತಿಳಿಯಿತು. ಹೊಡೆದುಹಾಕಿದೆ. ವಿಚಾರಣೆ ಮುಗಿದು ಮೂರು ವಾರಕ್ಕೆ ಕಾವಿ ಉಟ್ಟೆ.

ನಿಮ್ಮ ವಿಹಾರದ ಹಿರಿಯ ಭಿಕ್ಷುಗಳಿಗೆ ಬರೆದ ಪತ್ರದ ನಕಲು ಇದರೊಂದಿಗಿದೆ. ಇನ್ನೂ ಅಂಚೆಗೆ ಹಾಕಿಲ್ಲ. ಮೌನ ಮುಗಿದು ನಾಲ್ಕು ದಿನ ಕಾಯುತ್ತೇನೆ.

ಅಕ್ಕ


ಮಾರ್ಚ್ 25

ನಾಲ್ಕು ದಿನ ಆಯಿತು, ಐದೂ ಆಯಿತು. ಇವತ್ತು ಕಾರ್ಖಾನೆಯಿಂದ ಬರುತ್ತಾ ಹಿರಿಯರ ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿದೆ. ದಾಖಲೆಯ ಪುಟ, ನನ್ನ ರೇಖೆ, ನಿನ್ನ ರೇಖೆ ಎಲ್ಲವನ್ನೂ ಲಗತ್ತಿಸಿದ್ದೇನೆ. ದಾರಿಯಲ್ಲಿ ಹಾಡೊಂದನ್ನು ಗುನುಗುತ್ತಿದ್ದೆ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಬೀದಿಯಲ್ಲಿ ನಿಲ್ಲುವುದು ಹೇಗಿರುತ್ತದೆಂದು ನೀನೂ ನೋಡು.


ಏಪ್ರಿಲ್ 6

ಅಕ್ಕ,

ಮೇಲಿನ ವಿಳಾಸ ನೋಡು. ವಿಹಾರವಲ್ಲ. ಕನ್ನಡಕದ ಅಂಗಡಿಯೊಂದರ ಮೇಲಿನ ಕೋಣೆ. ಕೆಳಗೆ ಗಾಜು ಉಜ್ಜುವ ಕೆಲಸ ಸಿಕ್ಕಿದೆ. ನೀನು ಕಲಿಸಿದ್ದು ಕೈ ಬಿಟ್ಟಿಲ್ಲ, ಮಾಲೀಕರು ಮೊದಲ ದಿನವೇ ಮೆಚ್ಚಿದರು. ಪ್ಯಾಂಟಿನ ಗುಂಡಿ ಹಾಕಲು ಮಾತ್ರ ಇನ್ನೂ ಬೆರಳು ಸರಿಯಾಗಿ ಬಗ್ಗುತ್ತಿಲ್ಲ.

ಮೌನ ಮುಗಿದ ಬೆಳಗ್ಗೆ ನಿನ್ನ ಪತ್ರ ಓದಿದೆ. ಓದಿ ನೇರ ಹಿರಿಯರ ಕೋಣೆಗೆ ಹೋದೆ. ಅವರು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, 'ನಿಮಗೆ ಗೊತ್ತಿತ್ತಾ?' ಅಂದರು.

'ಗೊತ್ತಿತ್ತು.'

'ಯಾವಾಗಿಂದ?'

'ಪುಸ್ತಕ ಬರೆಯೋಕೆ ಮುಂಚೆಯಿಂದ.'

'ಹಾಗಾದ್ರೆ ನಾನು ನಿಮ್ಮನ್ನ ಹೊರಗೆ ಹಾಕೋದು ಏನೂ ಉಳಿದಿಲ್ಲ. ಆ ಅಧ್ಯಾಯ ಬೇರೆಯವರ ಕೈಗೆ ಕೊಟ್ಟಿರಲ್ಲ, ಆ ದಿನವೇ ನೀವು ಭಿಕ್ಷು ಅಲ್ಲ. ಒಂದು ವರ್ಷದಿಂದ ಇಲ್ಲಿ ಊಟ ಮಾಡ್ತಿದ್ದವರು ಯಾರೋ ಬೇರೆಯವರು.' ಇಷ್ಟು ಹೇಳಿ ಮತ್ತೆ ಉಗುರು ಕತ್ತರಿಸಲು ಕೂತರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ನಿನ್ನ ಲಕೋಟೆ ಅವರಿಗೆ ತಲುಪುವ ಹೊತ್ತಿಗೆ ನಾನು ಹೊರಟು ಒಂದು ವಾರವಾಗಿತ್ತು. ಕಳಿಸಿದವರ ಹೆಸರು ನೋಡಿ, ಒಡೆಯದೆ ನನಗೇ ಕಳಿಸಿದರು. ಈಗ ಮೇಜಿನ ಮೇಲಿದೆ. ನೀನು ಹಾಕಿದ್ದು ಯಾರಿಗೂ ತಾಗಲಿಲ್ಲ, ಎಲ್ಲೂ ಗುರುತು ಉಳಿಯಲಿಲ್ಲ. ನಿನ್ನ ಶಾಸ್ತ್ರದ ಪ್ರಕಾರ ಏನೂ ನಡೆದಿಲ್ಲ. ನನ್ನ ಶಾಸ್ತ್ರದ ಪ್ರಕಾರ ನೀನು ಅಂಚೆಪೆಟ್ಟಿಗೆಯ ಮುಂದೆ ಕೈ ಎತ್ತಿದಾಗಲೇ ಎಲ್ಲ ನಡೆದುಹೋಯಿತು.

ಯಾಕೆ ಸುಮ್ಮನಿದ್ದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಪಾಲು ಜಂಬ. ಅಮ್ಮ ತೀರಿಕೊಂಡ ಮೇಲೆ ನನಗೆ ಸಿಕ್ಕ ಒಂದೇ ಒಂದು ದೊಡ್ಡ ವಿಷಯ ಅದು, ಅದನ್ನು ಗಡಿಯಾರಕ್ಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಉಳಿದ ಒಂದು ಪಾಲು ಏನೆಂದು ನಿನಗೆ ಗೊತ್ತು.

ನಿರ್ದೇಶಕಿಗೆ ಪತ್ರ ಕಳಿಸಿದ್ದೇನೆ. ಅದರಲ್ಲಿನ ಮುಖ್ಯ ಸಾಲು ಇದು: 'ತಾಂತ್ರಿಕ ಸಹಾಯಕಿ ಬಾಗಿಲಲ್ಲಿ ಗಡಿಯಾರ ಇದೆಯೇ ಎಂದು ಕೇಳಿದರು. ನಾನು ಇಲ್ಲವೆಂದು ಹೇಳಿ, ಅಂಗಿಯ ತೋಳಿನಲ್ಲಿ ಅಡಗಿಸಿ ಒಳಗೆ ಒಯ್ದೆ.' ನಿನ್ನ ಜನವರಿಯ ಪತ್ರದ ಮಾತಿಗೆ ಒಪ್ಪುವ ಹಾಗೆಯೇ ಬರೆದಿದ್ದೇನೆ.

ನಡೆದದ್ದು ಹಾಗಲ್ಲ ಅಕ್ಕ. ಅಮ್ಮ ಹೋಗಿ ಇಪ್ಪತ್ತು ದಿನವಾಗಿತ್ತು. ನೀನು ತಟ್ಟೆ ಹಿಡಿದೆ. ನಾನು ಬಿಚ್ಚಲು ಹೋದೆ, ಕೊಂಡಿ ಬಿಚ್ಚಿಕೊಳ್ಳಲಿಲ್ಲ. ನೀನು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ನನ್ನ ತೋಳನ್ನು ಮಣಿಕಟ್ಟಿನ ತನಕ ಎಳೆದೆ. 'ಇರ್ಲಿ ಬಿಡೋ, ಅಮ್ಮಂದು. ತೋಳು ಮೇಲೆ ಹೋಗದ ಹಾಗೆ ನೋಡ್ಕೋ, ಸಾಕು' ಅಂದೆ. ಮುಂದಿನ ಎರಡು ಗುರುವಾರ ತಟ್ಟೆಯನ್ನು ನನ್ನ ಮುಂದೆ ಹಿಡಿಯಲೇ ಇಲ್ಲ. ವಿಚಾರಣೆಯಲ್ಲಿ ನಾನು ಗಡಿಯಾರ ಅಂದಿದ್ದರೆ, ಬಾಗಿಲಲ್ಲಿದ್ದವರು ಯಾರು ಎಂಬುದೇ ಮುಂದಿನ ಪ್ರಶ್ನೆಯಾಗುತ್ತಿತ್ತು. ಆ ಒಂದು ಪಾಲು ಅದೇ.

ಸುಳ್ಳು ಹೇಳಬಾರದೆಂಬ ನಿಯಮ ಗೃಹಸ್ಥನಿಗೂ ಇದೆ. ಆದರೆ ಮುರಿದರೆ ನನ್ನನ್ನು ಹೊರಗೆ ಹಾಕಲು ಈಗ ಯಾರೂ ಇಲ್ಲ. ನೀನು ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟಿದ್ದೇನೆ. ಇದನ್ನು ಕರುಣೆ ಅಂದುಕೊಂಡುಬಿಡಬೇಡ. ಬರೆಯುವಾಗ ನನ್ನ ಮನಸ್ಸು ನೋಡಿಕೊಂಡೆ, ಹದಿನಾಲ್ಕು ವರ್ಷದಲ್ಲಿ ಅಷ್ಟಾದರೂ ಕಲಿತಿದ್ದೇನೆ. ಅಲ್ಲಿ ಹೆಚ್ಚಾಗಿ ಇದ್ದದ್ದು ಸೇಡು. ನಿಜ ಗೊತ್ತಿರುವವರು ಇಬ್ಬರೇ. ನಾನು ಇನ್ನು ಬಾಯಿ ಬಿಡುವುದಿಲ್ಲ. ಸರಿಪಡಿಸಬೇಕೆಂದರೆ ನೀನೇ ಸರಿಪಡಿಸಬೇಕು, ಅಚ್ಚಿಗೆ ಹೋಗಲು ಇನ್ನೂ ಒಂಬತ್ತು ದಿನ ಇದೆ.

ತಮ್ಮ


ಮೇ 19

ತಮ್ಮಾ,

ಒಂಬತ್ತು ದಿನವೂ ಮೇಜಿನ ಮುಂದೆ ಕೂತೆ. ನಿರ್ದೇಶಕಿಗೆ ಎಂದು ಹಾಳೆ ತೆಗೆದು, 'ಮಾನ್ಯರೆ' ಎಂದು ಬರೆದು, ಎದ್ದುಹೋಗಿ ಪಾತ್ರೆ ತೊಳೆದೆ. ಮರುದಿನ ಮತ್ತೆ 'ಮಾನ್ಯರೆ'. ಹದಿನೈದನೇ ತಾರೀಕು ಸಂಜೆ ಐದರ ತನಕ ಗಡಿಯಾರ ನೋಡುತ್ತಿದ್ದು, ಐದು ಹೊಡೆದ ಮೇಲೆ ಹಾಳೆಗಳನ್ನು ಮಡಿಸಿ ಒಲೆಯ ಹತ್ತಿರ ಇಟ್ಟೆ. ಏನೂ ಮಾಡದೆ ಇರುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಕೂತಲ್ಲೇ ಕೂತಿರಬೇಕು, ಅಷ್ಟೇ. ಉಳಿದದ್ದು ತಾನಾಗಿ ಆಗುತ್ತದೆ.

ನಾನು ಮರೆತಿರಲಿಲ್ಲ. ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ವಿಚಾರಣೆಯ ದಿನವೂ ನೆನಪಿತ್ತು, ಜನವರಿ ಒಂಬತ್ತರಂದು ನಿನಗೆ 'ಅಡಗಿಸಿ ಒಯ್ದಿರಿ' ಎಂದು ಬರೆಯುವಾಗಲೂ ನೆನಪಿತ್ತು. ಬಹುವಚನ ಹಾಕಿದರೆ ಸುಳ್ಳು ಬರೆಯಲು ಕೈ ಓಡುತ್ತದೆ. ನಿನ್ನ ತೋಳನ್ನು ಎಳೆದದ್ದು ನನ್ನ ಈ ಎರಡು ಬೆರಳು. ಆದರೆ ಅದನ್ನು ಒಪ್ಪಿಕೊಂಡರೆ ನಿನ್ನ ಮೇಲೆ ಸಿಟ್ಟು ಮಾಡುವುದು ಹೇಗೆ? ಸಿಟ್ಟಿಲ್ಲದೆ ಆ ಹದಿನಾಲ್ಕು ವರ್ಷ ನಾನು ಎದ್ದು ಕೆಲಸಕ್ಕೆ ಹೋಗುವುದು ಹೇಗೆ?

ನಿನ್ನ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ. ಆ ಒಂಬತ್ತು ಪಾಲು ನಿನ್ನದೇ, ಪುಸ್ತಕ ಬರೆದವನೂ ನೀನೇ. ಬಾಗಿಲಲ್ಲಿ ನನ್ನದು ಒಂದು ಕ್ಷಣದ ತಪ್ಪು, ನಿನ್ನದು ಹದಿನಾಲ್ಕು ವರ್ಷದ್ದು. ಹೀಗೆ ಪಾಲು ಹಾಕಿಕೊಂಡು ನಿದ್ದೆ ಮಾಡುತ್ತೇನೆ.

ಸಂಪುಟ ಬಂತು. ಆ ಪುಟ ಹೋಗಿದೆ. ಅದರ ಜಾಗದಲ್ಲಿ ನಿನ್ನ ಪತ್ರವಿದೆ, ಪಕ್ಕದಲ್ಲಿ ನನ್ನ ಹಳೆಯ ಫೋಟೊ. ನಿನ್ನೆ ಬಿಡುಗಡೆ ಸಮಾರಂಭ. ನನ್ನನ್ನು ವೇದಿಕೆಗೆ ಕರೆದು ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಮುಂದಿನ ಸಾಲಿನಲ್ಲಿ, ಸಂದರ್ಶನದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವನೂ ಇದ್ದ, ಕೂದಲು ಉದುರಿದೆ. ನಾನು ಒಳಗೆ ಬಂದಾಗ ಎದ್ದು ನಿಂತ. ಅವನು ಎದ್ದು ನಿಂತದ್ದು ನನಗೆ ಎಷ್ಟು ಹಿತವಾಯಿತೆಂದು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ನಿರ್ದೇಶಕಿ ಚೆನ್ನಾಗಿಯೇ ಮಾತಾಡಿದರು. ಈ ಸಂಸ್ಥೆಯಲ್ಲಿ ಇನ್ನು ಆ ತಮಾಷೆ ಕೇಳಬಾರದು ಅಂದರು. ಆಮೇಲೆ ಮೈಕನ್ನು ನನ್ನ ಕಡೆ ತಿರುಗಿಸಿ, 'ಬಾಗಿಲಲ್ಲಿ ನೀವು ಕೇಳಿದ್ರಿ, ಅವರು ಇಲ್ಲ ಅಂದ್ರು. ಅಲ್ವಾ ಮೇಡಂ?' ಎಂದು ಕೇಳಿದರು. ಸಭೆಯಲ್ಲಿ ಇನ್ನೂರು ಜನ ಇದ್ದರು. ನಡೆದದ್ದನ್ನು ಹೇಳಿಬಿಡೋಣ ಅನ್ನಿಸಿತು, ಈ ಮಾತು ಸುಳ್ಳಲ್ಲ. ಬಾಯಿ ತೆರೆದದ್ದೂ ಅದಕ್ಕೇ.

'ಹೌದು' ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. 'ಎರಡು ಸಲ ಕೇಳಿದ್ದೆ' ಎಂದು ಸೇರಿಸಿದೆ. ಅದು ನಿನ್ನ ಪತ್ರದಲ್ಲಿ ಇರಲಿಲ್ಲ, ನಾನೇ ಹೇಳಿದ್ದು.

ಅಕ್ಕ